ಸಾಸವಡ ಪರಿಸರದ ಉದ್ಯಾನಗಳು ಮತ್ತು ಬಯಲು ವಿಹಾರತಾಣಗಳು

ಸಾಸವಡ ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿ, ಪುಣೆ ನಗರದ ಆಗ್ನೇಯಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಕರ್ಹಾ ನದಿಯ ದಂಡೆಯ ಮೇಲಿರುವ ಸಣ್ಣ ನಗರ. ಪುರಂದರ ತಾಲ್ಲೂಕಿನ ಆಡಳಿತ ಕೇಂದ್ರ. 1869ರಷ್ಟು ಹಿಂದೆಯೇ ಪುರಸಭೆಯನ್ನು ಪಡೆದ ಊರಾದರೂ ಇಲ್ಲಿನ ಜನರ ಬಯಲು ವಿಹಾರ, ಅಂದರೆ ಮನೆಯಿಂದ ಹೊರಗೆ ತೆರೆದ ಜಾಗದಲ್ಲಿ ನಡೆದಾಡುವ, ಕೂತು ದಣಿವಾರಿಸಿಕೊಳ್ಳುವ, ಆಡುವ, ಹತ್ತಿ ಇಳಿಯುವ ರೂಢಿ, ಪುರಸಭೆಯ ಉದ್ಯಾನಗಳನ್ನು ಆಶ್ರಯಿಸಿ ಬೆಳೆದದ್ದಲ್ಲ. ನೀರಿಗಾಗಿ ಕಟ್ಟಿದ ಸೋಪಾನಗಳು, ಯುದ್ಧಕ್ಕಾಗಿ ಕಟ್ಟಿದ ಕೋಟೆಗಳು, ದೇವರಿಗಾಗಿ ಹಾಕಿದ ಹಾದಿಗಳು, ಕುರಿಗಳಿಗಾಗಿ ಉಳಿದ ಹುಲ್ಲುಮಾಳಗಳು ಕಾಲಾಂತರದಲ್ಲಿ ತಮ್ಮ ಮೂಲ ಉದ್ದೇಶವನ್ನು ಪೂರ್ತಿ ಬಿಡದೆಯೇ ವಿಹಾರತಾಣಗಳಾಗಿ ಒದಗಿಬಂದಿವೆ. ಆದುದರಿಂದ ಈ ಪರಿಸರದ ವಿಹಾರತಾಣಗಳನ್ನು ವಿವರಿಸುವುದೆಂದರೆ ಇಲ್ಲಿನ ಚರಿತ್ರೆಯನ್ನೂ ಜೊತೆಗೇ ವಿವರಿಸಬೇಕಾಗುತ್ತದೆ.

ಉದ್ಯಾನ ಎಂಬ ಮಾತಿಗೆ ಇಂದು ರೂಢಿಯಲ್ಲಿರುವ ಅರ್ಥದಲ್ಲಿ, ಅಂದರೆ ಬೇಲಿ, ಹುಲ್ಲುಹಾಸು, ಕಾಲುದಾರಿ, ಮಕ್ಕಳ ಜೋಕಾಲಿಗಳಿರುವ ಸಾರ್ವಜನಿಕ ತೋಟದ ಅರ್ಥದಲ್ಲಿ, ಸಾಸವಡದಲ್ಲಿ ಸಿಗುವುದು ಅಲ್ಪ. ಹೊಸ ಬಡಾವಣೆಗಳನ್ನು ಮಾಡುವಾಗ ಜಮೀನಿನ ಶೇ. 10ರಷ್ಟು ಭಾಗವನ್ನು ತೆರೆದಿಡಬೇಕೆಂಬ ನಗರ ಯೋಜನೆಯ ನಿಯಮದಿಂದ ದೊರೆಯುವ ತುಂಡು ಜಾಗಗಳೇ ಇಂಥ ಸಣ್ಣ ಊರುಗಳ ಉದ್ಯಾನಗಳಿಗೆ ಆಧಾರ. ಪುಣೆಯ ಸಾರಸಬಾಗ್ ಅಥವಾ ಬೆಂಗಳೂರಿನ ಲಾಲ್‌ಬಾಗ್‌ನಂತೆ ಅರಸರ ತೋಟವೊಂದು ನಾಗರಿಕರ ಸ್ವತ್ತಾಗಿ ಉಳಿದ ಉದಾಹರಣೆ ಇಲ್ಲಿಲ್ಲ. ಹೈದರ್ ಅಲಿ 1760ರಲ್ಲಿ ಲಾಲ್‌ಬಾಗ್‌ನ ನೆಲೆ ಹಾಕಿದ ಕಾಲದಲ್ಲಿಯೇ ಪೇಶ್ವೆಗಳ ತೋಪಖಾನೆಯ ಮುಖ್ಯಸ್ಥರು ಸಾಸವಡದ ಮಗ್ಗುಲಿನ ಬೆಟ್ಟದ ಮೇಲೆ ಮಲ್ಹಾರಗಡವೆಂಬ ಕೋಟೆಯನ್ನು ಕಟ್ಟಿ ಮುಗಿಸುತ್ತಿದ್ದರು. ಅಲ್ಲಿ ನೆಟ್ಟ ಮರಗಳು ಒಂದು ಮಹಾನಗರಕ್ಕೆ ನೆರಳಾದುವು. ಇಲ್ಲಿ ಎಬ್ಬಿಸಿದ ಗೋಡೆ ಒಂದು ಸಣ್ಣ ಊರಿಗೆ ರಜೆಯ ದಿನದ ಬೆಟ್ಟವಾಯಿತು.

ಊರೊಳಗಿನ ತೆರೆದ ಜಾಗಗಳಲ್ಲಿ ಮೊದಲನೆಯದು ನದಿಯೇ. ಕರ್ಹಾ ಸಾಸವಡದ ಪಶ್ಚಿಮಕ್ಕೆ ಗರಾಡೆ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ಊರನ್ನು ಬಳಸಿ ಪೂರ್ವಕ್ಕೆ ತಿರುಗಿ, ಜೇಜುರಿಯ ಬಳಿ ಮಲ್ಹಾರಸಾಗರ ಎಂದು ಕರೆಯಲಾಗುವ ನಾಝರೆ ಜಲಾಶಯವನ್ನು ತುಂಬಿ, ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಮೊದಲನೆಯದಾದ ಮೋರಗಾಂವ್ ಮತ್ತು ಬಾರಾಮತಿಗಳನ್ನು ದಾಟಿ ನೀರಾ ನದಿಯನ್ನು ಸೇರುತ್ತದೆ. ನೀರಾ ಭೀಮೆಯನ್ನೂ ಭೀಮೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನೂ ಸೇರುವುದರಿಂದ, ಸಾಸವಡದ ಮೆಟ್ಟಿಲುಗಳನ್ನು ತೊಳೆದ ಮಳೆಗಾಲದ ನೀರು ಪಂಢರಪುರ, ಗಾಣಗಾಪುರಗಳನ್ನು ಹಾದು ಕೊನೆಗೆ ಕನ್ನಡ ನಾಡಿನ ನೀರಾಗುತ್ತದೆ. ಮರಾಠಿ ಸಾಹಿತಿ, ಪತ್ರಕರ್ತ, ಚಿತ್ರ ನಿರ್ಮಾಪಕ ಆಚಾರ್ಯ ಪ್ರಹ್ಲಾದ ಕೇಶವ ಅತ್ರೆ 1898ರ ಆಗಸ್ಟ್ 13ರಂದು ಸಾಸವಡದ ಸಮೀಪದ ಕೋಡಿತ ಎಂಬ ಹಳ್ಳಿಯಲ್ಲಿ ಹುಟ್ಟಿ, ತಮ್ಮ ಬಹುಸಂಪುಟಗಳ ಆತ್ಮಕಥೆಗೆ 'ಕರ್ಹೇಚೆ ಪಾಣಿ' (ಕರ್ಹೆಯ ನೀರು) ಎಂದೇ ಹೆಸರಿಟ್ಟರು. ಇಷ್ಟು ಚಿಕ್ಕ ನದಿಗೆ ಅಷ್ಟು ದೊಡ್ಡ ಗೌರವ ಸಿಕ್ಕಿರುವುದು ಅಪರೂಪ. 2014ರ ಜನವರಿಯಲ್ಲಿ 87ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಈ ಊರಿನಲ್ಲಿಯೇ.

ನದಿಯ ಅಂಚಿನಲ್ಲಿ ವಿಹಾರಕ್ಕೆ ಒದಗುವ ಎರಡು ಮುಖ್ಯ ತಾಣಗಳೆಂದರೆ ಸಂಗಮೇಶ್ವರ ಮತ್ತು ಚಾಂಗಾವಟೇಶ್ವರ ದೇವಾಲಯಗಳು. ಸಂಗಮೇಶ್ವರವು ಕರ್ಹೆಗೆ ಚಿಕ್ಕ ಉಪನದಿಯೊಂದು ಕೂಡುವಲ್ಲಿ ಎತ್ತರದ ಜಗಲಿಯ ಮೇಲೆ ನಿಂತಿದ್ದು, ಅದರ ಮುಂದಿನ ಕಲ್ಲಿನ ಮೆಟ್ಟಿಲುಗಳು ನೇರವಾಗಿ ನೀರಿಗಿಳಿಯುತ್ತವೆ. ನದಿಗಿಳಿಯುವ ಮೆಟ್ಟಿಲುಗಳಿಗೂ ಬೆಟ್ಟ ಹತ್ತುವ ಕಣಿವೆದಾರಿಗೂ ಮರಾಠಿಯಲ್ಲಿ 'ಘಾಟ್' ಎಂಬ ಒಂದೇ ಪದವಿದೆ. ಸ್ನಾನಘಟ್ಟವನ್ನೂ ಪಶ್ಚಿಮಘಟ್ಟವನ್ನೂ ಬಲ್ಲ ಕನ್ನಡಕ್ಕೆ ಇದು ಹೊಸತಲ್ಲ. ಸಾಸವಡದ ಮಟ್ಟಿಗೆ ಈ ಪದದ ಎರಡು ಅರ್ಥಗಳೇ ಊರಿನ ವಿಹಾರದ ಎರಡು ಬಗೆಗಳು: ಸಂಜೆಯ ಹೊತ್ತಿಗೆ ನೀರಿನತ್ತ ಇಳಿಯುವುದು, ರಜೆಯ ದಿನ ಬೆಟ್ಟದತ್ತ ಏರುವುದು. ನಾರಾಯಣಪುರದ ದಾರಿಯಲ್ಲಿರುವ ಚಾಂಗಾವಟೇಶ್ವರವನ್ನು ಐತಿಹ್ಯವು ಯೋಗಿ ಚಾಂಗದೇವನೊಂದಿಗೆ ತಳಕುಹಾಕುತ್ತದೆ. ಮಳೆ ಬಿದ್ದ ಮೇಲೆ ಎರಡೂ ಕಡೆ ನೀರು ಮೆಟ್ಟಿಲುಗಳವರೆಗೆ ಬರುತ್ತದೆ. ಆದರೆ ಈ ಸೀಮೆ ಮಳೆನೆರಳಿನ ಪ್ರದೇಶದಲ್ಲಿರುವುದರಿಂದ ಬೇಸಿಗೆಯಲ್ಲಿ ಕರ್ಹೆ ಸೊರಗಿ, ಕೆಳಗಿನ ಮೆಟ್ಟಿಲುಗಳು ಒಣಗಿ ನಿಲ್ಲುತ್ತವೆ. ಇವನ್ನು ನೋಡತಕ್ಕ ಕಾಲ ಜುಲೈಯಿಂದ ನವೆಂಬರ್‌ವರೆಗೆ.

ಸಂತ ಜ್ಞಾನೇಶ್ವರರ ತಮ್ಮ ಸೋಪಾನದೇವರು 1296ರಲ್ಲಿ ಸಮಾಧಿಸ್ಥರಾದದ್ದು ಸಾಸವಡದಲ್ಲಿ. ಸೋಪಾನಕಾಕಾ ಎಂದು ಜನ ಪ್ರೀತಿಯಿಂದ ಕರೆಯುವ ಆ ಸಂತನ ಸಮಾಧಿ ಮಂದಿರದ ಆವರಣ ಪೂಜೆಯ ಹೊತ್ತು ಮೀರಿಯೂ ಜನ ಬಂದು ಕೂರುವ ಸ್ಥಳ. ಪೇಶ್ವೆಗಳ ಆಪ್ತರಾಗಿದ್ದ ಪುರಂದರೆ ಮನೆತನದ ಕೋಟೆಯಂಥ ವಾಡೆಯ ಬುರುಜುಗಳು ನದೀಸಂಗಮದ ಹತ್ತಿರವೇ ಇವೆ. ವಾಡೆ ಎಂದರೆ ಉತ್ತರ ಕರ್ನಾಟಕದ ದೇಸಾಯರ ವಾಡೆಗಳಂತೆ ಅಂಗಳವನ್ನು ನಡುವಿಟ್ಟು ಕಟ್ಟಿದ ದೊಡ್ಡ ಮನೆ. 1818ರಲ್ಲಿ ಈ ವಾಡೆ ಬ್ರಿಟಿಷರ ತುಕಡಿಯೊಂದನ್ನು ಹತ್ತು ದಿನ ತಡೆದು ನಿಲ್ಲಿಸಿತ್ತು. ಭಟ್ ವಂಶದ ಮೊದಲನೆಯ ಪೇಶ್ವೆ ಬಾಳಾಜಿ ವಿಶ್ವನಾಥ 1720ರ ಏಪ್ರಿಲ್‌ನಲ್ಲಿ ಸಾಸವಡದಲ್ಲಿಯೇ ತೀರಿಕೊಂಡನು. ಇವಿಷ್ಟನ್ನೂ ನಡೆದೇ ನೋಡಿ ಮುಗಿಸಬಹುದು.

ಊರಿನಿಂದ ಹೊರಟರೆ ವಿಹಾರಿಗಳ ಮೊದಲ ಗುರಿ ಸಾಮಾನ್ಯವಾಗಿ ಮಲ್ಹಾರಗಡ. ಸಾಸವಡಕ್ಕೆ ಆರೇಳು ಕಿ.ಮೀ. ದೂರದ ಸೋನೋರಿ ಹಳ್ಳಿಯ ನೆತ್ತಿಯ ಮೇಲಿರುವುದರಿಂದ ಸೋನೋರಿ ಕೋಟೆ ಎಂದೂ ಕರೆಯಲಾಗುವ ಇದನ್ನು 1757ರಿಂದ 1760ರ ನಡುವೆ ತೋಪಖಾನೆಯ ಸರದಾರರಾದ ಪಾನಸೆ ಮನೆತನದವರು, ಪುಣೆಗೆ ಬಾಗಿಲಿನಂತಿದ್ದ ದಿವೇ ಘಾಟಿನ ಮೇಲೆ ಕಣ್ಣಿಡಲೆಂದು ಕಟ್ಟಿದರು. ಮರಾಠರು ಕಟ್ಟಿದ ಕೊನೆಯ ಕೋಟೆ ಇದೆಂಬ ಪ್ರಸಿದ್ಧಿಯಿದೆ. ಹೊರಕೋಟೆ ತ್ರಿಕೋನಾಕಾರದ್ದು, ಅದರೊಳಗೆ ಇನ್ನೊಂದು ಚಿಕ್ಕ ಒಳಕೋಟೆ, ಅದರೊಳಗೆ ಅಕ್ಕಪಕ್ಕದಲ್ಲಿ ಖಂಡೋಬನ ಮತ್ತು ಮಹಾದೇವನ ಗುಡಿಗಳು. ಕೋಟೆಗೆ ಈ ಹೆಸರು ಬಂದದ್ದು ಮಲ್ಹಾರಿ ಎಂದೂ ಕರೆಯಲಾಗುವ ಈ ಖಂಡೋಬನಿಂದಲೇ. ಬ್ರಿಟಿಷರ ಆಳ್ವಿಕೆಯಲ್ಲಿ ಬಂಡಾಯಗಾರರಾದ ಉಮಾಜಿ ನಾಯಕ ಮತ್ತು ವಾಸುದೇವ ಬಳವಂತ ಫಡಕೆ ಇಲ್ಲಿ ಅಡಗಿದ್ದರೆಂದು ಹೇಳುತ್ತಾರೆ. ಉಮಾಜಿ ಇದೇ ತಾಲ್ಲೂಕಿನ ಭಿವಡಿಯವನು, 1832ರಲ್ಲಿ ಪುಣೆಯಲ್ಲಿ ಗಲ್ಲಿಗೇರಿದವನು. ಎತ್ತರದಲ್ಲಿಯೂ ವಿಸ್ತಾರದಲ್ಲಿಯೂ ಮಲ್ಹಾರಗಡ ಸಣ್ಣದು, ಏರು ಸುಲಭದ್ದು. ಮಕ್ಕಳಿಗೆ ಮೊದಲ ಬಾರಿ ಬೆಟ್ಟ ಹತ್ತಿಸಲು ಪುಣೆಯ ಸುತ್ತಿನಲ್ಲಿ ಇದಕ್ಕಿಂತ ತಕ್ಕ ಕೋಟೆಯನ್ನು ಹೆಸರಿಸುವುದು ಕಷ್ಟ.

ಪುರಂದರಗಡದ ಮಾತು ಬೇರೆ. ಸಾಸವಡದ ನೈರುತ್ಯಕ್ಕೆ ಸುಮಾರು 1,380 ಮೀಟರ್ ಎತ್ತರಕ್ಕೆ ಏರಿ ನಿಂತಿರುವ ಈ ಬೆಟ್ಟಕ್ಕೆ ವಜ್ರಗಡವೆಂಬ ತಮ್ಮನ ಜೋಡಿಯಿದ್ದು, ಎರಡನ್ನೂ ನಡುವಣ ತಗ್ಗು ಏಣೊಂದು ಕೂಡಿಸುತ್ತದೆ. ಕೋಟೆಯೊಳಗೆ ಎರಡು ಅಂತಸ್ತುಗಳಿವೆ: ಬೆಟ್ಟದ ನಡುವಿನಲ್ಲಿ ಅಗಲವಾಗಿ ಚಾಚಿದ ಸಮತಟ್ಟಾದ ಭಾಗಕ್ಕೆ ಮಾಚಿ ಎಂದೂ, ಅದರ ಮೇಲೆ ಕಡಿದಾಗಿ ಎದ್ದ ತುದಿಯ ಭಾಗಕ್ಕೆ ಬಾಲೇಕಿಲ್ಲಾ ಎಂದೂ ಹೆಸರು. ಮಾಚಿಯವರೆಗೆ ವಾಹನ ಹೋಗುವ ರಸ್ತೆಯಿದೆ. ಅಲ್ಲಿಂದ ಮೇಲಿನ ಕೇದಾರೇಶ್ವರ ಗುಡಿಯವರೆಗೆ ನಡಿಗೆಯೇ ಗತಿ. ಶಿವಾಜಿಯ ಮಗ ಸಂಭಾಜಿ 1657ರ ಮೇ 14ರಂದು ಹುಟ್ಟಿದ್ದು ಈ ಕೋಟೆಯಲ್ಲಿ. 1665ರಲ್ಲಿ ಮೊಗಲ ಸೇನಾನಿಗಳಾದ ಮಿರ್ಜಾ ರಾಜಾ ಜಯಸಿಂಗ್ ಮತ್ತು ದಿಲೇರಖಾನರ ಮುತ್ತಿಗೆಯಲ್ಲಿ ವಜ್ರಗಡ ಮೊದಲು ಬಿದ್ದು, ಅಲ್ಲಿಂದ ತೋಪುಗಳು ಪುರಂದರದತ್ತ ತಿರುಗಿದಾಗ ಕೋಟೆಯ ಕಿಲ್ಲೇದಾರ ಮುರಾರಬಾಜಿ ದೇಶಪಾಂಡೆ ಹೋರಾಡುತ್ತ ಮಡಿದನು. ಆ ವರ್ಷದ ಜೂನ್‌ನಲ್ಲಾದ ಪುರಂದರ ಒಪ್ಪಂದದಂತೆ ಶಿವಾಜಿ 23 ಕೋಟೆಗಳನ್ನು ಮೊಗಲರಿಗೆ ಬಿಟ್ಟು 12ನ್ನು ಉಳಿಸಿಕೊಂಡನು. 1774ರಲ್ಲಿ ಸವಾಯಿ ಮಾಧವರಾವ್ ಪೇಶ್ವೆ ಇಲ್ಲಿಯೇ ಜನಿಸಿದನು. 1776ರ ಮಾರ್ಚ್ 1ರಂದು ಕರ್ನಲ್ ಅಪ್ಟನ್ ಮೂಲಕ ಬ್ರಿಟಿಷರೊಂದಿಗೆ ಇನ್ನೊಂದು ಪುರಂದರ ಒಪ್ಪಂದವಾಯಿತು. ತಂಪುಹವೆಗಾಗಿ ಬ್ರಿಟಿಷರು ಇಲ್ಲಿ ಆರೋಗ್ಯಧಾಮ ನಡೆಸಿದರು, ಇಗರ್ಜಿ ಕಟ್ಟಿದರು; ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಜರ್ಮನ್ ಪ್ರಜೆಗಳನ್ನು, ಅವರಲ್ಲಿ ಕೆಲವರು ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳಾಗಿದ್ದರೂ, ಕುಟುಂಬ ಸಮೇತ ಇಲ್ಲಿ ಇರಿಸಿದ್ದರು.

ಕನ್ನಡಿಗರಿಗೆ ಪುರಂದರಗಡದ ಹೆಸರು ಕಿವಿಗೆ ಬಿದ್ದಿರುವುದು ಯುದ್ಧದ ಕಾರಣದಿಂದಲ್ಲ, ಪುರಂದರದಾಸರ ಕಾರಣದಿಂದ. ದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸ ನಾಯಕನೆಂಬ ಸಾಹುಕಾರನಾಗಿ ಪುಣೆ ಬಳಿಯ ಈ ಪುರಂದರಗಡದಲ್ಲಿದ್ದರೆಂದು ಬಹುಕಾಲ ಶಾಲೆಯ ಪುಸ್ತಕಗಳೂ ಹರಿಕಥೆಗಳೂ ಹೇಳುತ್ತ ಬಂದವು. ಈಚಿನ ವಿದ್ವಾಂಸರ ಒಲವು ತೀರ್ಥಹಳ್ಳಿ ಸಮೀಪದ ಆರಗದ ಕಡೆಗಿದೆ. ಸೀಮೆಯ ಭಾಷೆ, ಆಗಿನ ವ್ಯಾಪಾರ, ವಿಜಯನಗರದ ಸಂಬಂಧ ಇವನ್ನು ನೋಡಿದರೆ ಆ ವಾದವೇ ಗಟ್ಟಿಯಾಗಿ ತೋರುತ್ತದೆ. ಹಾಗಿದ್ದರೂ ದಾಸರ ಅಂಕಿತದಲ್ಲಿರುವ ವಿಠಲನ ಊರಾದ ಪಂಢರಪುರಕ್ಕೆ ಹೋಗುವ ಯಾತ್ರಿಕರ ದೊಡ್ಡ ಹಾದಿ ಇದೇ ಬೆಟ್ಟದ ಕಣ್ಣಳತೆಯಲ್ಲಿ ಹಾದುಹೋಗುವುದರಿಂದ, ಕೋಟೆಯ ಹೆಸರಿಗೆ ದಾಸರ ನೆನಪು ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪುರಂದರಗಡ ಇಂದು ಸೇನೆಯ ಸುಪರ್ದಿಯಲ್ಲಿದ್ದು, ಎನ್‌ಸಿಸಿ ತರಬೇತಿಗೆ ಬಳಕೆಯಾಗುತ್ತಿದೆ. ಪ್ರವಾಸಿಗಳು ಗುರುತಿನ ಚೀಟಿ ತೋರಿಸಿ ಹಗಲುಹೊತ್ತಿನಲ್ಲಿ ಮಾತ್ರ ಒಳಗೆ ಹೋಗಬಹುದು, ರಾತ್ರಿ ತಂಗುವಂತಿಲ್ಲ. ಚಾರಣಿಗರಿಗೆ ಇದು ಅಡ್ಡಿಯೆನಿಸಿದರೂ, ಸಹ್ಯಾದ್ರಿಯ ಇತರ ಹಲವು ಕೋಟೆಗಳ ಮೇಲೆ ಕಾಣುವ ಪ್ಲಾಸ್ಟಿಕ್ ರಾಶಿಯನ್ನು ನೋಡಿದವರು ಈ ಕಟ್ಟುಪಾಡನ್ನು ಒಪ್ಪಿಕೊಳ್ಳದೆ ಇರಲಾರರು. ಮಳೆಗಾಲದಲ್ಲಿ ಮಾಚಿಯ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿಯುತ್ತದೆಂದರೆ, ಮುರಾರಬಾಜಿಯ ಎತ್ತಿದ ಕತ್ತಿಗಳ ಪ್ರತಿಮೆ ಹತ್ತು ಹೆಜ್ಜೆ ಸಮೀಪಕ್ಕೆ ಬರುವವರೆಗೆ ಕಾಣಿಸದು. ಗಾಳಿ ಬೀಸಿ ಒಮ್ಮೆ ಮಂಜು ಸರಿದರೆ, ತೊಯ್ದು ಕಪ್ಪಾದ ಬಸಾಲ್ಟ್ ಬಂಡೆಯ ಗೋಡೆ, ಅಂದರೆ ಆರೂವರೆ ಕೋಟಿ ವರ್ಷಗಳಷ್ಟು ಹಿಂದೆ ಹರಿದು ಗಟ್ಟಿಯಾದ ಲಾವಾದ ಪದರುಗಳು, ಒಂದರ ಮೇಲೊಂದು ಮೆಟ್ಟಿಲಿನಂತೆ ತಲೆಯ ಮೇಲೆಯೇ ನಿಂತಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಇಳಿಜಾರುಗಳಲ್ಲಿ ಸೋನಕಿ ಎಂಬ ಹಳದಿ ಹೂವು ಹಾಸುತ್ತದೆ. ಬೆಟ್ಟದ ಬುಡದ ನಾರಾಯಣಪುರದಲ್ಲಿ ಹೇಮಾಡಪಂತಿ ಶೈಲಿಯ, ಎಂದರೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ನಾರಾಯಣೇಶ್ವರ ದೇವಾಲಯವಿದೆ. ಇದು ದೇವಗಿರಿಯ ಯಾದವರ ಕಾಲದ್ದು. ಕನ್ನಡ ಚರಿತ್ರಕಾರರು ಸೇವುಣರೆಂದು ಕರೆಯುವ ಇವರ ಶಾಸನಗಳಲ್ಲಿ ಗಣನೀಯ ಭಾಗ ಕನ್ನಡದಲ್ಲಿದೆ. ಪಕ್ಕದ ದತ್ತಮಂದಿರಕ್ಕೆ ಗುರುವಾರ ಮತ್ತು ಹುಣ್ಣಿಮೆಗಳಂದು ನೂಕುನುಗ್ಗಲು. ನಾರಾಯಣಪುರದ ದಾರಿ ಮುಂದೆ ಕೇತಕಾವಳೆಯ ಬಾಲಾಜಿ ಮಂದಿರದ ಬಳಿ ಹಾದು ಕಾಪೂರಹೋಳದಲ್ಲಿ ಮುಂಬಯಿ–ಬೆಂಗಳೂರು ಹೆದ್ದಾರಿಗೆ ಕೂಡುವುದರಿಂದ, ಬೆಳಗಾವಿ ಕೊಲ್ಲಾಪುರಗಳ ಕಡೆಯಿಂದ ಬರುವವರು ಪುಣೆಯನ್ನು ಮುಟ್ಟದೆಯೇ ಸಾಸವಡ ಸೇರಬಹುದು.

ಪುಣೆ ಕಡೆಯಿಂದ ಬರುವವರಿಗೆ ಎರಡು ಘಾಟುಗಳಿವೆ. ಕೊಂಡ್ವಾ ಮೂಲಕ ಬರುವ ಬೋಪದೇವ್ ಘಾಟ್ ಪುಣೆಯ ಸೈಕಲ್ ಸವಾರರ ಅಭ್ಯಾಸದ ಏರು. ಅದನ್ನು ಹತ್ತಿ ಬಂದವರು ಬೋಪಗಾಂವ್ ಬಳಿಯ ಗುಡ್ಡದ ಮೇಲಿನ ಕಾನಿಫನಾಥ ಗುಡಿಯವರೆಗೂ ಹೋಗುತ್ತಾರೆ. ಗುಡಿಯ ಗರ್ಭಗೃಹಕ್ಕೆ ಬಾಗಿಲಿಗೆ ಬದಲು ಮೈಯನ್ನು ಹಿಡಿಯಾಗಿಸಿ ತೆವಳಿಯೇ ನುಗ್ಗಬೇಕಾದ ಕಿಂಡಿಯಿದೆ. ಹಡಪಸರದ ಮೂಲಕ ಬರುವ ದಿವೇ ಘಾಟ್ ಹೆಚ್ಚು ಹಳೆಯದು, ಹೆಚ್ಚು ಹೆಸರಾದದ್ದು. ಅದರ ಬುಡದಲ್ಲಿ ವಡಕಿ ಬಳಿ ಮಸ್ತಾನಿ ಕೆರೆಯೆಂಬ ಕಲ್ಲುಕಟ್ಟಿನ ಜಲಾಶಯವಿದ್ದು, ಮೊದಲನೆಯ ಬಾಜಿರಾಯನ ಹೆಸರಿನೊಂದಿಗೆ ಜನ ಅದನ್ನು ನೆನೆಯುತ್ತಾರೆ. ಘಾಟಿನ ಮೇಲಿನಿಂದ ನೋಡಿದರೆ ಕೆರೆ ಸುತ್ತಲಿನ ಬೋಳುಗುಡ್ಡಗಳ ನಡುವೆ ಮಳೆಗಾಲದಲ್ಲಿ ಹಸಿರು ಕನ್ನಡಿಯಂತೆ ಕಾಣುತ್ತದೆ.

ಈ ಘಾಟು ವರ್ಷದಲ್ಲಿ ಒಂದು ದಿನ ಬೇರೆಯೇ ರೂಪ ತಾಳುತ್ತದೆ. ಆಷಾಢ ಏಕಾದಶಿಗೆ ಪಂಢರಪುರವನ್ನು ಮುಟ್ಟಬೇಕಾದ ಜ್ಞಾನೇಶ್ವರರ ಪಲ್ಲಕ್ಕಿ ಆಳಂದಿಯಿಂದ ಹೊರಟು, ಪುಣೆಯಲ್ಲಿ ತಂಗಿ, ದಿವೇ ಘಾಟನ್ನೇರಿ ಸಾಸವಡಕ್ಕೆ ಬಂದು ಎರಡು ರಾತ್ರಿ ಮುಕ್ಕಾಂ ಮಾಡುತ್ತದೆ. ಸೋಪಾನಕಾಕಾರ ಪಲ್ಲಕ್ಕಿ ಇಲ್ಲಿಂದಲೇ ಹೊರಡುತ್ತದೆ. ಈ ಕಾಲ್ನಡಿಗೆಯ ಯಾತ್ರೆಗೆ ವಾರಿ ಎಂದೂ, ಅದರಲ್ಲಿ ಒಟ್ಟಾಗಿ ಹಾಡುತ್ತ ನಡೆಯುವ ತಂಡಕ್ಕೆ ದಿಂಡಿ ಎಂದೂ ಹೆಸರು. ಪುಣೆ–ಸಾಸವಡದ ನಡುವಣ ಹಂತ ಇಡೀ ವಾರಿಯಲ್ಲಿಯೇ ಅತಿ ದೀರ್ಘವಾದದ್ದು. ಪಲ್ಲಕ್ಕಿಯ ರಥಕ್ಕೆ ಘಾಟಿನ ಬುಡದಲ್ಲಿ ಹೆಚ್ಚಿನ ಎತ್ತಿನ ಜೋಡಿಗಳನ್ನು ಕಟ್ಟುತ್ತಾರೆ. ತಿರುವಿನ ಮೇಲೆ ತಿರುವು ಬಿಳಿಯ ಟೋಪಿಗಳೂ ತುಳಸಿಯ ಕಟ್ಟೆ ಹೊತ್ತ ಹೆಂಗಸರೂ ತುಂಬಿಕೊಂಡು, ತಾಳಗಳ ಸದ್ದು ಕೆಳಗಿನ ತಿರುವಿನಿಂದ ಮೇಲಿನ ತಿರುವಿಗೆ ತುಸು ತಡವಾಗಿ ಏರಿಬರುತ್ತದೆ. ರಥದ ಮುಂದೆ ಎರಡು ಕುದುರೆಗಳು ನಡೆಯುತ್ತವೆ: ಒಂದರ ಮೇಲೆ ಧ್ವಜ ಹಿಡಿದ ಸವಾರ, ಇನ್ನೊಂದರ ಬೆನ್ನು ಬರಿದು, ಅದರ ಮೇಲೆ 'ಮಾವುಲಿ', ಅಂದರೆ ತಾಯಿಯಂಥ ಜ್ಞಾನೇಶ್ವರರೇ ಕೂತಿದ್ದಾರೆಂದು ನಂಬಿಕೆ. ಈ ಕುದುರೆಗಳು ಬರುವುದು ಕರ್ನಾಟಕದಿಂದ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಸರದಾರರ ಮನೆತನ, ಹೈಬತಬಾಬಾ 19ನೆಯ ಶತಮಾನದ ಮೊದಲ ಭಾಗದಲ್ಲಿ ವಾರಿಗೆ ಇಂದಿನ ರೂಪ ಕೊಟ್ಟಂದಿನಿಂದ ಇವನ್ನು ಒದಗಿಸುತ್ತಿದ್ದು, ಪ್ರತಿವರ್ಷ ಅವು ಕೃಷ್ಣೆಯ ದಂಡೆಯಿಂದ ಆಳಂದಿಯವರೆಗೆ ನಡೆದೇ ಬಂದು, ಮತ್ತೆ ದಕ್ಷಿಣಕ್ಕೆ ಪಲ್ಲಕ್ಕಿಯೊಂದಿಗೆ ತಿರುಗುತ್ತವೆ. ಪಂಢರಪುರದ ಹಾದಿಯಲ್ಲಿ ಕನ್ನಡದ ಪಾಲು ಎಷ್ಟೆಂಬುದನ್ನು ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ; ಆ ದಿನ ದಿವೇ ಘಾಟಿನ ತಿರುವಿನಲ್ಲಿ ನಿಂತರೆ ಗೊರಸಿನ ಸಪ್ಪಳವೇ ಹೇಳುತ್ತದೆ. ವಾರಿಯನ್ನು ವಿಹಾರವೆಂದು ಕರೆಯುವುದು ಅಪಚಾರವಾದೀತು. ಆದರೆ ಈಚಿನ ದಶಕಗಳಲ್ಲಿ ಪುಣೆಯಿಂದ ಸಾಸವಡದವರೆಗಿನ ಆ ಒಂದು ಹಂತವನ್ನು ಮಾತ್ರ ನಡೆಯುವ ನಗರವಾಸಿಗಳ ಸಂಖ್ಯೆ ಬೆಳೆದಿದೆ; ಭಕ್ತಿ ಎಲ್ಲಿ ಮುಗಿದು ನಡಿಗೆಯ ಸುಖ ಎಲ್ಲಿ ಮೊದಲಾಗುತ್ತದೆಂದು ಗೆರೆ ಎಳೆಯುವುದು ಅವರಿಗೂ ಕಷ್ಟ.

ಸಾಸವಡದಿಂದ ಆಗ್ನೇಯಕ್ಕೆ ಸುಮಾರು 17 ಕಿ.ಮೀ. ಹೋದರೆ ಜೇಜುರಿ. ಖಂಡೋಬನ ಈ ಕ್ಷೇತ್ರ ಕನ್ನಡಿಗರಿಗೆ ಪರಕೀಯವಲ್ಲ; ಖಂಡೋಬನೇ ಮೈಲಾರಲಿಂಗ, ದೇವರಿಗೆ ಮುಡಿಪಾದ ಇಲ್ಲಿನ ವಾಘ್ಯಾಗಳೇ ಕನ್ನಡ ನಾಡಿನ ವಗ್ಗಯ್ಯ ಗೊರವಯ್ಯರು, ಇಲ್ಲಿ ತೂರುವ ಅರಿಸಿನ ಹುಡಿಗೂ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ತೂರುವ ಹುಡಿಗೂ ಭಂಡಾರ ಎಂಬ ಒಂದೇ ಹೆಸರು. ಮೆಟ್ಟಿಲುಗಳ ಕಲ್ಲಿನ ಸಂದುಗಳಲ್ಲಿ, ದೀಪಮಾಲೆಗಳ ಚಾಚುಗಳಲ್ಲಿ, ಭಿಕ್ಷುಕನ ಕಂಬಳಿಯ ಎಳೆಗಳಲ್ಲಿ ಕೂತ ಭಂಡಾರ ಮಳೆಗೂ ಪೂರ್ತಿ ತೊಳೆದುಹೋಗುವುದಿಲ್ಲ. ಸೋಮವತಿ ಅಮಾವಾಸ್ಯೆಯಂದು ದೇವರ ಪಲ್ಲಕ್ಕಿ ಬೆಟ್ಟದ ಮೇಲಿನ ಗುಡಿಯಿಂದಿಳಿದು ಕರ್ಹೆಯಲ್ಲಿ ಸ್ನಾನಕ್ಕೆ ಬರುತ್ತದೆ. ಜನಜಂಗುಳಿ ಬೇಡವೆನ್ನುವವರು ಇನ್ನೂ ಎತ್ತರದ, ಇನ್ನೂ ಹಳೆಯ ಕಡೇಪಠಾರದ ಗುಡಿಗೆ ಹತ್ತುತ್ತಾರೆ. ಯವತ ಬಳಿಯ ಗುಡ್ಡದ ಮೇಲಿನ ಭುಲೇಶ್ವರ ದೇವಾಲಯ ಶಿಲ್ಪಗಳಿಗಾಗಿ, ಅದರಲ್ಲೂ ಸ್ತ್ರೀರೂಪದ ಗಣೇಶನ ಶಿಲ್ಪಕ್ಕಾಗಿ ನೋಡತಕ್ಕದ್ದು.

ಹಣ್ಣಿನ ತೋಟಗಳನ್ನೂ ಇಲ್ಲಿ ಹೆಸರಿಸಬೇಕು. ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕ, ಅಂದರೆ ನಿರ್ದಿಷ್ಟ ಸೀಮೆಯ ಬೆಳೆಯೆಂಬ ಕಾನೂನಿನ ಮನ್ನಣೆ, ದೊರೆತಿದೆ. ಸೀತಾಫಲಕ್ಕೂ ಈ ಸೀಮೆ ಹೆಸರಾಗಿದೆ. ಬೇಸಿಗೆಯ ಮೀಠಾ ಬಹಾರ್, ಅಂದರೆ ಸಿಹಿ ಫಸಲಿನ ಕಾಲದಲ್ಲಿ ಅಂಜೂರದ ಎಲೆ ಹಾಸಿದ ಬುಟ್ಟಿಗಳು ರಸ್ತೆಬದಿಗೆ ಬರುತ್ತವೆ. ಮುಟ್ಟಿದರೆ ನಲುಗುವ ಈ ಹಣ್ಣು ದೂರ ಸಾಗಿಸಲು ತಾಳದಾದ್ದರಿಂದ, ಅದರ ನಿಜವಾದ ರುಚಿ ಬೆಳೆದಲ್ಲಿಗೇ ಹೋದವರಿಗೆ.

ಈ ಪರಿಸರದ ತೆರೆದ ಜಾಗಗಳಲ್ಲಿ ಎಲ್ಲಕ್ಕಿಂತ ವಿಸ್ತಾರವಾದದ್ದು, ಎಲ್ಲಕ್ಕಿಂತ ಕಡಮೆ ಗೌರವ ಪಡೆದದ್ದು ಹುಲ್ಲುಮಾಳ. ಮರಾಠಿಯಲ್ಲಿ ಮಾಳರಾನ ಎನ್ನುವ ಈ ಭೂಮಿ, ತೆಳುಮಣ್ಣಿನ ಮೇಲೆ ಹುಲ್ಲು ಮತ್ತು ಕುರುಚಲು ಮಾತ್ರ ಬೆಳೆಯುವ ಅಲೆಅಲೆಯಾದ ಬಯಲು, ಸಾಸವಡದಿಂದ ಪೂರ್ವಕ್ಕೆ ಭುಲೇಶ್ವರದ ಸುತ್ತ ಹಾಗೂ ಸುಪೆಯವರೆಗೆ ಬಿಡಿಬಿಡಿಯಾಗಿ ಹಬ್ಬಿದೆ. ಮರವಿಲ್ಲದ್ದನ್ನು ಕಾಡೆಂದು ಕಾಣದ ಕಣ್ಣಿಗೆ ಇದು ಪಾಳುಭೂಮಿ; ಸರಕಾರಿ ದಾಖಲೆಗಳೂ ಇಂಥ ಬಯಲನ್ನು ಬಹುಮಟ್ಟಿಗೆ ಹಾಗೆಯೇ ಬರೆದುಕೊಂಡಿವೆ. ವಾಸ್ತವದಲ್ಲಿ ತೋಳ, ಗುಳ್ಳೆನರಿ, ಕತ್ತೆಕಿರುಬ, ಚಿಂಕಾರಗಳೂ, ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ವಲಸೆ ಬರುವ ಸೆಳೆವಗಳೆಂಬ ಬೇಟೆಹಕ್ಕಿಗಳೂ ಬದುಕಿರುವುದು ಈ ಹುಲ್ಲಿನ ಆಸರೆಯಿಂದ. ಬಾರಾಮತಿ ತಾಲ್ಲೂಕಿನ ಸುಪೆಯಲ್ಲಿ ಚಿಂಕಾರಗಳಿಗಾಗಿ 1997ರಲ್ಲಿ ಘೋಷಿಸಿದ ಮಯೂರೇಶ್ವರ ಅಭಯಾರಣ್ಯ ಐದು ಚದರ ಕಿ.ಮೀ.ಗಿಂತ ತುಸುವೇ ದೊಡ್ಡದು. ಉಳಿದ ಮಾಳವನ್ನು ಕಾಯುವವರೆಂದರೆ ಧನಗರ ಕುರಿಗಾರರೇ. ತೋಳ ಕುರಿ ಹಿಡಿಯುವುದನ್ನು ತಲೆಮಾರುಗಳಿಂದ ಬಲ್ಲ ಧನಗರರು ನಷ್ಟದಲ್ಲಿ ತೋಳಕ್ಕೂ ಒಂದು ಪಾಲೆಂದು ಸಹಿಸಿಕೊಂಡು ಬಂದದ್ದೇ ಆ ಪ್ರಾಣಿ ಇಲ್ಲಿ ಉಳಿಯಲು ಬಹುದೊಡ್ಡ ಕಾರಣ. ಪುರಂದರ ತಾಲ್ಲೂಕಿನಲ್ಲಿ ಪುಣೆಗೆ ಹೊಸ ವಿಮಾನ ನಿಲ್ದಾಣ ಕಟ್ಟುವ ಯೋಜನೆಯಿದೆ. ನಿವೇಶನಗಳ ಕಲ್ಲುಗಳು ಹುಲ್ಲಿನ ನಡುವೆ ವರ್ಷವರ್ಷವೂ ಮುಂದೆ ಸರಿಯುತ್ತಿವೆ.

ವಾರದ ಕೊನೆಗೆ ಕ್ಯಾಮೆರಾ ಹಿಡಿದು ಬರುವ ಪಕ್ಷಿವೀಕ್ಷಕರಿಗೆ ಈ ಮಾಳ ಈಗ ಮೆಚ್ಚಿನ ತಾಣ. ಹುಲ್ಲಿನ ಮೇಲೆ ದಾರಿಯಿಲ್ಲದಲ್ಲಿಯೂ ವಾಹನ ಓಡಬಲ್ಲುದಾದ್ದರಿಂದ, ಹಕ್ಕಿಯನ್ನು ಬೆನ್ನಟ್ಟಿ ಜೀಪನ್ನು ದಾರಿಯಿಂದಿಳಿಸುವ ಕೆಟ್ಟ ರೂಢಿಯೂ ಬೆಳೆದಿದೆ. ನೆಲಗುಬ್ಬಿ, ಗೌಜಲಹಕ್ಕಿಗಳು ಗೂಡು ಮಾಡುವುದು ನೆಲದ ಮೇಲೆಯೇ: ಹುಲ್ಲಿನ ಬುಡದಲ್ಲಿ ಅಂಗೈಯಗಲದ ಕುಳಿ, ಅದರೊಳಗೆ ಮಣ್ಣಿನ ಬಣ್ಣಕ್ಕೆ ಹೊಂದುವ ಮೊಟ್ಟೆಗಳು. ನಡೆದು ಬಂದವನು ಬಗ್ಗಿ ನೋಡಿದರೆ ಅವು ಕಂಡಾವು; ಚಕ್ರದ ಮೇಲೆ ಕೂತವನಿಗೆ ಕಾಣಿಸುವುದಿಲ್ಲ.